ನಬೀ ಸಾಬರ ಮೊಳೆ

ಆ ಕಾಲಕ್ಕೆ ಚಳ್ಳಕೆರೆಯಲ್ಲಿ ಲಾರಿ ಓಡಿಸಿದವರನ್ನು ಯಾರನ್ನಾದರೂ ಕೇಳಿ ನೋಡಿ, ನಬೀ ಸಾಬರ ಮೊಳೆ ಗೊತ್ತಿಲ್ಲ ಎನ್ನುವವನು ಸಿಗುವುದಿಲ್ಲ. ಬಳ್ಳಾರಿ ರಸ್ತೆಯಲ್ಲಿ ಅವರ ಗ್ಯಾರೇಜು. ಗ್ಯಾರೇಜು ಅಂದರೆ ಮೂರು ಕಡೆ ತಗಡು, ಒಂದು ಕಡೆ ಬೇವಿನ ಮರ. ಆ ಮರದ ಬೊಡ್ಡೆಗೆ ಆಳೆತ್ತರದಲ್ಲಿ ಹೊಡೆದ ಒಂದು ದಪ್ಪ ಮೊಳೆ. ಎದುರಿಗೇ ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿ. ಹಾಗಾಗಿ ಆ ಮೊಳೆಗೆ ಯಾರ್ಯಾರ ಲಾರಿಯ ಕೀ ನೇತಾಡಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಹೇಳಿದರೆ ಕೆಲವರು ಈಗಲೂ ಮುನಿಸಿಕೊಳ್ಳುತ್ತಾರೆ, ಬಿಡಿ.

ಸಾಬರದು ಒಂದೇ ಕಾನೂನು. ಕುಡಿದು ಬಂದವನ ಗಾಡಿಯನ್ನು ಅವರು ಮುಟ್ಟುತ್ತಿರಲಿಲ್ಲ, ಅವನಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಡ್ರೈವರು ಕ್ಯಾಬಿನ್ನಿನಿಂದ ಇಳಿದು ನಡೆಯುವ ರೀತಿಯಲ್ಲೇ ಅವರಿಗೆ ತಿಳಿದುಬಿಡುತ್ತಿತ್ತು.

"ಕೀ ಕೊಡು," ಎನ್ನುತ್ತಿದ್ದರು. ಇಸಿದುಕೊಂಡು ಮೊಳೆಗೆ ಹಾಕುತ್ತಿದ್ದರು. "ನೆಟ್ಟಗೆ ನಿಲ್ಲಕ್ಕಾಗ್ದೋನು ಗಾಡಿ ಮುಟ್ಟಬಾರ್ದು. ಮರದ ಕೆಳಗೆ ಮಲ್ಕೋ. ಅಮಲು ಇಳಿದ ಮೇಲೆ ನೀನೇ ತಗೊಂಡು ಹೋಗು."

ಬೈದರೂ ಅಷ್ಟೇ, ಕಾಲು ಹಿಡಿದರೂ ಅಷ್ಟೇ. ಅವರ ತಮ್ಮನನ್ನು ಹಾನಗಲ್ ಹತ್ತಿರ ಕುಡಿದವನೊಬ್ಬ ಲಾರಿ ಹತ್ತಿಸಿ ಕೊಂದಿದ್ದ. ಆ ವಿಷಯ ಅವರು ಎಂದೂ ಆಡಿದವರಲ್ಲ, ನನಗೆ ಅವರ ಹೆಂಡತಿ ಮದರ್ ಬೀ ಹೇಳಿದ್ದು. ಆ ವರ್ಷವೇ ಮರಕ್ಕೆ ಮೊಳೆ ಬಿತ್ತಂತೆ.

ಅವರ ಹುಟ್ಟೂರು ಮೊಳಕಾಲ್ಮುರು. ಅಪ್ಪ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದವರು. ಮಗನ ಕೈಗೆ ಮಾತ್ರ ಬಣ್ಣ ಹತ್ತಲಿಲ್ಲ, ಗ್ರೀಸು ಹತ್ತಿತು. ಮೀಸೆ ಮೂಡುವ ಮೊದಲೇ ಚಳ್ಳಕೆರೆಗೆ ಬಂದು, ಎಣ್ಣೆ ಮಿಲ್ಲುಗಳಿಗೆ ಶೇಂಗಾ ತರುವ ಲಾರಿಗಳ ಹೊಟ್ಟೆಯ ಕೆಳಗೆ ಬದುಕು ಕಟ್ಟಿಕೊಂಡರು. ಗೋಣಿಚೀಲ ಹಾಸಿ, ಅಂಗಾತ ಮಲಗಿ, ಲಾರಿಯಡಿ ಜಾರಿಕೊಂಡು ಹೋದರೆಂದರೆ ಹೊರಗೆ ಕಾಣುತ್ತಿದ್ದುದು ಎರಡು ಪಾದ ಮಾತ್ರ. ಕೆಲಸ ಮುಗಿದ ಕೂಡಲೇ ಸರ್ರನೆ ಹೊರಗೆ ಬಂದು, ಒಂದೇ ನೆಗೆತಕ್ಕೆ ಎದ್ದು ನಿಂತು, ಬಾನೆಟ್ಟಿಗೆ ಅಂಗೈಯಿಂದ ಬಡಿದು "ಹ್ಞೂಂ, ಸ್ಟಾರ್ಟ್ ಮಾಡು!" ಎನ್ನುವುದು ಅವರ ಠೀವಿ. ಅರವತ್ತರ ಹತ್ತಿರ ಬಂದರೂ ಆ ನೆಗೆತ ಬಿಟ್ಟಿರಲಿಲ್ಲ. ಅದನ್ನು ನೋಡಲೆಂದೇ ಡ್ರೈವರುಗಳು ಬೀಡಿ ಹಚ್ಚಿಕೊಂಡು ನಿಲ್ಲುತ್ತಿದ್ದರು. ನನಗಂತೂ ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಹೊಟ್ಟೆಕಿಚ್ಚಾಗುತ್ತಿತ್ತು.

ತೊಂಬತ್ತಾರರಲ್ಲಿ ಅವರಿಗೆ ಬಿ.ಪಿ. ಇದೆ ಎಂದು ಗೊತ್ತಾಯಿತು. ಬಸ್ ಸ್ಟ್ಯಾಂಡ್ ಹಿಂದಿನ ಡಾಕ್ಟರಮ್ಮ ದಿನಾ ಬೆಳಿಗ್ಗೆ ನುಂಗಲು ಒಂದು ಬಿ.ಪಿ. ಮಾತ್ರೆ, ಒಂದು ಮೂತ್ರದ ಮಾತ್ರೆ ಬರೆದುಕೊಟ್ಟರು. ಸಾಬರು ಇದನ್ನು ಊರಿಗೆ ಗೊತ್ತಾಗದಂತೆ ಮುಚ್ಚಿಟ್ಟರು, ಎದುರಂಗಡಿಯ ನನಗೂ ಹೇಳಲಿಲ್ಲ. ಮಾತ್ರೆಗಳು ನಟ್ಟು ಬೋಲ್ಟಿನ ಡಬ್ಬಿಯಲ್ಲಿದ್ದವು. ಆ ಸಲದ ಹಬ್ಬಕ್ಕೆ ಅವರ ಮನೆಯಲ್ಲಿ ಬಿರಿಯಾನಿ ಉಂಡಾಗ ಒಂದು ಹರಳು ಉಪ್ಪಿಲ್ಲ! ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ, ಮದರ್ ಬೀ ಮರೆತಿರಬೇಕು ಅಂದುಕೊಂಡು ಸುಮ್ಮನೆ ನುಂಗಿದೆ. ಗಂಡನ ಬಿ.ಪಿ.ಗೆ ಹೆದರಿ ಆಕೆ ಮನೆಯ ಉಪ್ಪಿನ ಭರಣಿಯನ್ನೇ ಅಟ್ಟಕ್ಕೆ ಏರಿಸಿದ್ದು ನನಗೇನು ಗೊತ್ತು.

ಮರುವರ್ಷದ ಬೇಸಿಗೆ ಕೆಟ್ಟದಾಗಿತ್ತು. ತಗಡಿನ ಕೆಳಗೆ ಮಧ್ಯಾಹ್ನ ನಿಲ್ಲಲಾಗುತ್ತಿರಲಿಲ್ಲ. ಆಗ ಶುರುವಾಯಿತು. ಲಾರಿಯಡಿಯಿಂದ ಎದ್ದ ಕೂಡಲೇ ಸಾಬರಿಗೆ ಕಣ್ಣು ಕತ್ತಲಿಡುವುದು, ಕಿವಿ ಗುಂಯ್ ಎನ್ನುವುದು, ಕಾಲು ತಪ್ಪುವುದು. ಮಡ್‌ಗಾರ್ಡು ಹಿಡಿದು ಒಂದಿಷ್ಟು ಹೊತ್ತು ನಿಂತು ಸಾವರಿಸಿಕೊಳ್ಳುತ್ತಿದ್ದರು. ಅವರ ಲೆಕ್ಕ ಸರಳವಾಗಿತ್ತು: ಬಿ.ಪಿ. ಏರಿದರೆ ತಲೆ ತಿರುಗುತ್ತದೆ, ತಲೆ ತಿರುಗಿತು ಅಂದರೆ ಬಿ.ಪಿ. ಏರಿದೆ. ಡಬ್ಬಿಗೆ ಕೈ ಹಾಕಿ ಇನ್ನೊಂದು ಮಾತ್ರೆ ನುಂಗುತ್ತಿದ್ದರು. ಸಂಜೆ ಮತ್ತೆ ತಿರುಗಿದರೆ ಮತ್ತೊಂದು. ಮೂತ್ರದ ಮಾತ್ರೆಯ ದೆಸೆಯಿಂದ ಮೇಲಿಂದ ಮೇಲೆ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ಲಾರಿಯಡಿ ಮಲಗಿ ಎಂಜಿನ್ನು ಬಿಚ್ಚಿದವನು ನಟ್ಟು ತಿರುಗಿಸುವ ಪಾನಾ ಬಿಟ್ಟು ಪದೇ ಪದೇ ಏಳುವುದುಂಟೆ?

ಹೀಗಿರುವಾಗ ಒಂದು ಮಧ್ಯಾಹ್ನ ದಾಸಣ್ಣನ ಲಾರಿ ಬಂತು. ದಾಸಣ್ಣ ಪರಶುರಾಂಪುರದ ಕಡೆಯವನು, ಕೂಲಿನಾಲಿ ಮಾಡುವ ಮನೆಯಿಂದ ಬಂದು ಡ್ರೈವರಾದವನು. ಕೈ ಒಳ್ಳೆಯದು, ಬಾಯಿ ಕೆಟ್ಟದು. ಹಿಂದಿನ ತಿಂಗಳಷ್ಟೇ ಸಾರಾಯಿ ಪ್ಯಾಕೆಟ್ ಹೀರಿ ಬಂದು, ಕೀ ಮೊಳೆಗೇರಿ, ಮರದಡಿ ಮಲಗಿ, ಲೋಡು ತಡವಾಗಿ, ಮಾಲೀಕನಿಂದ ಬೈಸಿಕೊಂಡಿದ್ದ. ಆ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. ಈ ಸಲ ಒಂದು ಹನಿಯೂ ಕುಡಿಯದೆ ಬಂದಿದ್ದ. ಜತೆಗೆ ಇನ್ನೂ ನಾಲ್ಕಾರು ಡ್ರೈವರುಗಳಿದ್ದರು.

ಸಾಬರು ಕ್ಲಚ್ಚು ಸರಿಮಾಡಿ, ಸರ್ರನೆ ಹೊರಬಂದು, ಎಂದಿನಂತೆ ನೆಗೆದು ನಿಂತರು. ಬಾನೆಟ್ಟಿಗೆ ಬಡಿಯಲು ಎತ್ತಿದ ಕೈ ಗಾಳಿಯಲ್ಲಿ ತಡಕಾಡಿತು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಟೂಲ್ ಬಾಕ್ಸಿನ ಮೇಲೆ ದೊಪ್ಪನೆ ಕುಸಿದರು. ಪಾನಾಗಳೆಲ್ಲ ಚೆಲ್ಲಾಪಿಲ್ಲಿ. "ಸ್ಟಾರ್ಟ್..." ಎಂದ ನಾಲಿಗೆ ಅಲ್ಲಿಗೇ ತೊದಲಿತು.

ನಾನು ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ದಾಸಣ್ಣ ಅಂಗೈ ಚಾಚಿ ನಿಂತಿದ್ದ.

"ಎಲ್ಲಿ ಸಾಬ್, ಕೀ ಕೊಡು," ಎಂದ. "ನೆಟ್ಟಗೆ ನಿಲ್ಲಕ್ಕಾಗ್ದೋನು ಗಾಡಿ ಮುಟ್ಟಬಾರ್ದು ಅಲ್ವಾ? ಕಾನೂನು ನಮಗೊಂದು ನಿನಗೊಂದಾ?"

ಎಲ್ಲರೂ ಗೊಳ್ಳೆಂದರು. ಒಬ್ಬ ಮೂಗಿನ ಮುಂದೆ ಕೈ ಬೀಸಿ, ವಾಸನೆ ಬಂದವನಂತೆ ಮುಖ ಸಿಂಡರಿಸಿದ. ಬರುತ್ತಿದ್ದುದು ಡೀಸೆಲ್ ವಾಸನೆ, ನನಗೆ ಗೊತ್ತು. "ಲೇ, ಮುಚ್ರೋ ಬಾಯಿ! ವಯಸ್ಸಾದೋರು ಬಿದ್ರೆ ನಗ್ತೀರಾ?" ಎಂದು ನಾನು ಕೂಗಾಡಿದೆ. ನನ್ನ ಮಾತು ಯಾರಿಗೆ ಬೇಕಿತ್ತು.

ಅಷ್ಟರಲ್ಲಿ ಸಾಬರು ತಾವೇ ಎದ್ದರು. ಮುಖ ಸುಣ್ಣದಂತೆ ಬಿಳಿಚಿತ್ತು. ನಾನು ಹಿಡಿಯಲು ಹೋದರೆ ಕೈ ಕೊಡವಿದರು. ಬಿದ್ದಿದ್ದ ಪಾನಾಗಳಲ್ಲಿ ಒಂದನ್ನು ಆರಿಸಿಕೊಂಡರು. ಅದು ಅವರಿಗೆ ಕೆಲಸ ಕಲಿಸಿದ ಉಸ್ತಾದರು ಕೊಟ್ಟ ರಿಂಗ್ ಪಾನಾ, ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ನಿಧಾನಕ್ಕೆ ನಡೆದು ಹೋಗಿ ಅದನ್ನು ಬೇವಿನ ಮರದ ಮೊಳೆಗೆ ನೇತುಹಾಕಿದರು.

"ದಾಸಣ್ಣ ಹೇಳಿದ್ದು ಸರಿ ಐತೆ," ಎಂದರು. "ಕಾನೂನು ಎಲ್ಲಾರಿಗೂ ಒಂದೇ."

ಅಷ್ಟು ಹೇಳಿ ಮನೆಯ ದಾರಿ ಹಿಡಿದರು. ನಗುತ್ತಿದ್ದವರು ಬೆಪ್ಪಾದರು. ಆ ಮನುಷ್ಯನಿಗೆ ಸುಳ್ಳು ಹೇಳಲು ಬಂದಿದ್ದರೆ ಅವತ್ತೇ ಬಚಾವಾಗುತ್ತಿದ್ದರು. ಬಿಸಿಲು, ಪಿತ್ತ, ಏನಾದರೊಂದು ಹೇಳಿದ್ದರೆ ಸಾಕಿತ್ತು. ತಾನು ಹೊಡೆದ ಮೊಳೆಗೆ ತಾನೇ ತಲೆಬಾಗಿದ್ದು ಊರಿನ ಕಣ್ಣಿಗೆ ತಪ್ಪೊಪ್ಪಿಗೆಯಾಗಿ ಕಂಡಿತು.

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಯಾರಪ್ಪನಿಂದ ಸಾಧ್ಯ? ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನಿಗೇ ಜನ ಹೆಂಡಗುಡುಕ ಎನ್ನುತ್ತಾರೆ. ಸಾಬರು ಮಜ್ಜಿಗೆಯನ್ನೂ ಕುಡಿದವರಲ್ಲ, ಉಪ್ಪು ಹಾಕಿರುತ್ತಾರೆಂದು! ಸಂಜೆಯೊಳಗೆ ಟೀ ಹೋಟೆಲಿನಲ್ಲಿ ಸಾಬರು ಪ್ಯಾಕೆಟ್ ಹಿಡಿದಿದ್ದಾರೆಂಬ ಸುದ್ದಿ. ಮರುದಿನ ಅದಕ್ಕೆ ಕೈಕಾಲು ಮೂಡಿ, ಆಂಧ್ರದ ಗಡಿಯಿಂದ ತರಿಸುತ್ತಾರೆ ಎಂದಾಯಿತು. ನೋಡಿದವನೊಬ್ಬನೂ ಇಲ್ಲ, ಹೇಳುವವರು ಊರ ತುಂಬ.

ಗ್ಯಾರೇಜು ಮುಚ್ಚಿತು. ಒಂದು ಮುಂಜಾನೆ ಮದರ್ ಬೀ ನನ್ನ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತರು. ಅಷ್ಟು ವರ್ಷದಲ್ಲಿ ಆಕೆ ಅಂಗಡಿಗೆ ಬಂದದ್ದು ಅದೇ ಮೊದಲು.

"ಬೊಮ್ಮಲಿಂಗಣ್ಣಾ, ನೀವೂ ನಂಬಿದ್ರಾ?" ಎಂದರು.

"ಥೂ, ಏನ್ ಮಾತು ಅಂತ ಆಡ್ತೀರವ್ವಾ. ಸಾಬ್ರು ಕುಡಿತಾರೆ ಅಂದ್ರೆ ನಾನು ನಂಬ್ತೀನಾ?"

ಆಕೆ ಅಳುತ್ತಲೇ ಎಲ್ಲವನ್ನೂ ಹೇಳಿದರು. ಬಿ.ಪಿ., ಮಾತ್ರೆ, ಅಟ್ಟಕ್ಕೇರಿದ ಉಪ್ಪು. "ಜುಮ್ಮಾ ನಮಾಜಿಗೆ ಹೋಗಿದ್ರು. ನೆಲಕ್ಕೆ ಹಣೆ ಹಚ್ಚಿ ಸಜ್ದಾ ಮಾಡಿ ಎದ್ದಾಗ ವಾಲಿದ್ರಂತೆ. ಪಕ್ಕದೋರು ದೂರ ಸರಿದು ನಿಂತ್ರಂತೆ ಅಣ್ಣಾ. ಮನೇಗೆ ಬಂದು ಗೋಡೆ ಕಡೆ ಮುಖ ಹಾಕಿ ಮಲಗಿದೋರು ಎದ್ದಿಲ್ಲ. ಮಲಗಿದ್ರೆ ಚೆನ್ನಾಗಿರ್ತಾರೆ, ಎದ್ರೆ ಬೀಳ್ತಾರೆ. ಇದೆಂಥ ಬಿ.ಪಿ.?"

ಮಲಗಿದರೆ ಚೆನ್ನಾಗಿರುತ್ತಾರೆ, ಎದ್ದರೆ ಬೀಳುತ್ತಾರೆ. ಈ ಮಾತನ್ನೇ ನಾನು ಡಾಕ್ಟರಮ್ಮನಿಗೆ ಒಪ್ಪಿಸಿದ್ದು. ಸಾಬರನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದೆ, ದಾರಿಯುದ್ದಕ್ಕೂ ಬೈಸಿಕೊಂಡೇ. ಕೇಳಿದ ಕೂಡಲೇ ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಸಾಬರನ್ನು ಮಂಚದ ಮೇಲೆ ಮಲಗಿಸಿ, ಸ್ವಲ್ಪ ಹೊತ್ತು ಬಿಟ್ಟು, ತೋಳಿಗೆ ಪಟ್ಟಿ ಸುತ್ತಿ ನೋಡಿದರು. ನೂರಾ ಐವತ್ತು ಇತ್ತು.

"ಈಗ ಎದ್ದು ನಿಲ್ಲಿ ಸಾಬ್ರೆ. ನಾನು ಹಿಡ್ಕೊಂಡಿರ್ತೀನಿ."

ನಿಂತರು. ಪಟ್ಟಿ ಮತ್ತೆ ಉಬ್ಬಿತು, ಇಳಿಯಿತು. ಪಾದರಸ ನೂರಕ್ಕೂ ಕೆಳಗೆ ಜಾರಿತು. ಅಷ್ಟರಲ್ಲಿ ಸಾಬರ ತುಟಿ ಬಿಳಿಚಿ, ಕಣ್ಣು ತೇಲಿದವು. ನಾವಿಬ್ಬರೂ ಹಿಡಿದು ಮಲಗಿಸಿದೆವು.

"ಮಾತ್ರೆ ಎಷ್ಟು ತಗೊಳ್ತಿದೀರಿ?"

ಸಾಬರು ತಪ್ಪು ಮಾಡಿದ ಶಾಲೆ ಹುಡುಗನಂತೆ ಛಾವಣಿ ನೋಡಿದರು. "ಬೆಳಿಗ್ಗೆ ನೀವು ಹೇಳಿದ್ದು ಮೇಡಮ್ಮೋರೆ. ಆಮೇಲೆ... ತಲೆ ತಿರುಗಿದಾಗೆಲ್ಲಾ ಒಂದೊಂದು."

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು.

"ನೋಡಿ ಸಾಬ್ರೆ, ಮಲಗಿದ್ದವರು ಎದ್ದಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತೆ. ಅದನ್ನ ಮೈ ತಾನಾಗೇ ಮೇಲಕ್ಕೆ ತಳ್ಳಬೇಕು. ನಿಮಗೆ ವಯಸ್ಸಾಯ್ತು, ಈ ಬಿಸಿಲು, ನೀರು ಕುಡಿಯಲ್ಲ, ಊಟಕ್ಕೆ ಉಪ್ಪೇ ಇಲ್ಲ, ಮೇಲೆ ಇಷ್ಟೊಂದು ಮಾತ್ರೆ. ತಳ್ಳೋದಕ್ಕೆ ಮೈಗೆ ಆಗ್ತಿಲ್ಲ. ಬಿ.ಪಿ. ಏರಿ ತಲೆ ತಿರುಗಿದ್ದಲ್ಲ, ಎದ್ದಾಗ ಇಳಿದು ತಿರುಗಿದ್ದು. ಇಳಿದಿದ್ದನ್ನ ಇನ್ನೂ ಇಳಿಸೋಕೆ ಮಾತ್ರೆ ನುಂಗಿದೀರಿ." ತೋಳಿನ ಪಟ್ಟಿ ಬಿಚ್ಚುತ್ತ ಹೇಳಿದರು. "ನನ್ನದೂ ತಪ್ಪಿದೆ. ಬಂದಾಗೆಲ್ಲ ಕೂರಿಸಿ ನೋಡಿ ಕಳಿಸಿದೆ. ನಿಲ್ಲಿಸಿ ನೋಡಲಿಲ್ಲ."

ಸಾಬರು, "ಗಾಳಿ ಜಾಸ್ತಿ ಆದ್ರೂ ಟೈರು ಹೋಗುತ್ತೆ, ಕಮ್ಮಿ ಆದ್ರೂ ಹೋಗುತ್ತೆ," ಎಂದರು. ಆಮೇಲೆ ಕೇಳಿದರು: "ಹಂಗಾರೆ ಮಾತ್ರೆ ಬಿಟ್ಬಿಡ್ಲಾ?"

"ಅದೊಂದು ಮಾಡಬೇಡಿ! ಪೂರ್ತಿ ಬಿಟ್ಟರೆ ನಾಳೆ ಲಕ್ವ ಹೊಡೆದರೆ ಏನು ಗತಿ? ನಾನು ಹೇಳಿದಷ್ಟು, ಹೇಳಿದ ಹೊತ್ತಿಗೆ. ಕಡಿಮೆ ಇಲ್ಲ, ಜಾಸ್ತಿ ಇಲ್ಲ."

ಮೂತ್ರದ ಮಾತ್ರೆಯನ್ನು ನಿಲ್ಲಿಸಿದರು, ಇನ್ನೊಂದನ್ನು ಕಡಿಮೆ ಮಾಡಿದರು. ನೀರು ಚೆನ್ನಾಗಿ ಕುಡಿಯಬೇಕು. ಉಪ್ಪಿನಕಾಯಿ, ಹಪ್ಪಳದ ತಂಟೆಗೆ ಹೋಗದೆ, ಸಾರಿಗೆ ಹದವಾಗಿ ಉಪ್ಪಿರಲಿ. ಮಂಚದ ತಲೆಯ ಕಡೆಯ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕು. ಎಲ್ಲಕ್ಕಿಂತ ಮುಖ್ಯ, ಮಲಗಿದ್ದವರು ನೆಗೆದು ಏಳಬಾರದು: ಮೊದಲು ಎದ್ದು ಕೂರಬೇಕು, ಪಾದ ಆಡಿಸಬೇಕು, ತಲೆ ತಿಳಿಯಾದ ಮೇಲೆ ಏನಾದರೂ ಹಿಡಿದುಕೊಂಡು ನಿಲ್ಲಬೇಕು. ಕಣ್ಣು ಮಂಜಾದರೆ ನಾಚಿಕೆಯಿಲ್ಲದೆ ಮತ್ತೆ ಕೂತುಬಿಡಬೇಕು.

ಈ ಕೊನೆಯದು ಸಾಬರಿಗೆ ಮಾತ್ರೆಗಿಂತ ಕಹಿಯಾಯಿತು. ಆದರೂ ಮಾಡಿದರು. ಉಪ್ಪಿನ ಭರಣಿ ಅಟ್ಟದಿಂದ ಇಳಿಯಿತು. ಇಟ್ಟಿಗೆ ಕೊಟ್ಟ ಮಂಚದಲ್ಲಿ ಬೆಳಗಾಗುವಷ್ಟರಲ್ಲಿ ಕಾಲ ಕಡೆ ಜಾರಿರುತ್ತಾರೆಂದು ಮದರ್ ಬೀ ನಗುತ್ತಾ ಹೇಳಿದಾಗ ಆ ಮನೆಗೆ ಜೀವ ಬಂದಿದೆ ಅನ್ನಿಸಿತು. ಮತ್ತೆ ತೋರಿಸಲು ಹೋದಾಗ ನಿಲ್ಲಿಸಿ ನೋಡಿದರೂ ಪಾದರಸ ಅಷ್ಟು ಜಾರಲಿಲ್ಲ. ಕೂತು ಕೂತು ಏಳುವುದಾದರೆ ಕೆಲಸ ಮಾಡಬಹುದು ಎಂದರು ಡಾಕ್ಟರಮ್ಮ.

ಗ್ಯಾರೇಜು ಮತ್ತೆ ತೆರೆಯಿತು. ಲಾರಿ ಮಾತ್ರ ಬರಲಿಲ್ಲ. ರಿಂಗ್ ಪಾನಾ ಮೊಳೆಗೆ ಹಾಗೇ ನೇತಾಡುತ್ತಿತ್ತು, ಸಾಬರು ತೆಗೆದಿರಲಿಲ್ಲ.

"ನಾಲ್ಕು ಜನರ ಮುಂದೆ ಹೇಳಿಬಿಡ್ರೀ ಸಾಬ್ರೆ," ಎಂದೆ ನಾನು. "ಇದು ಕುಡಿತ ಅಲ್ಲ, ಕಾಯಿಲೆ ಅಂತ. ನೀವು ಹೇಳದಿದ್ರೆ ನಾನೇ ಹೇಳ್ತೀನಿ."

"ಬ್ಯಾಡ ಬೊಮ್ಮಣ್ಣ," ಎಂದರು. "ಕುಡಿದಿದ್ದ ಅಂದ್ರೆ ಜನ ಏನಂತಾರೆ? ಬೆಳಿಗ್ಗೆ ಇಳಿಯುತ್ತೆ ಅಂತಾರೆ. ಕಾಯಿಲೆ ಅಂದ್ರೆ ಸಾಯೋತನಕ ಅಂತಾರೆ. ಲಾರಿ ಕೆಳಗೆ ಎಲ್ಲಿ ಸತ್ತುಗಿತ್ತು ಹೋಗ್ತಾನೋ ಅಂತ ಒಬ್ಬನೂ ಗಾಡಿ ಬಿಡಲ್ಲ."

"ಅದಕ್ಕೆ ಕುಡುಕ ಅನ್ನಿಸ್ಕೊಂಡು ಇರ್ತೀರಾ?"

ಅವರು ಗೋಣಿಚೀಲ ಕೊಡವಿ ಮಡಿಸತೊಡಗಿದರು. ನನಗೆ ಸಿಟ್ಟು ಬಂತು, ಯೋಚಿಸಿದಷ್ಟೂ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ಒಂದು ಕಡೆ ಮಾನ, ಇನ್ನೊಂದು ಕಡೆ ಅನ್ನ. ಎರಡರಲ್ಲಿ ಒಂದನ್ನು ಬಿಡು ಎಂದು ಹೇಳಲು ನಾನು ಯಾರು?

ಮುಂಗಾರು ಹತ್ತಿರ ಬಂದಾಗ ಒಂದು ಖಾಲಿ ಲಾರಿಯನ್ನು ಟ್ರ್ಯಾಕ್ಟರು ಎಳೆದುಕೊಂಡು ಬಂತು. ಉಳ್ಳಾರ್ತಿ ಕಾವಲಿನ ಹತ್ತಿರ ಗೇರ್ ಬಾಕ್ಸು ಕೈಕೊಟ್ಟಿತ್ತು. ಇಳಿದವನು ದಾಸಣ್ಣ. ಬೇರೆ ಎರಡು ಗ್ಯಾರೇಜಿನವರು ಆಗುವುದಿಲ್ಲ ಎಂದಿದ್ದರು. ತಲೆ ಕೆಳಗೆ ಹಾಕಿ ನಿಂತ. ನಾನು ಅಂಗಡಿಯಿಂದಲೇ ದುರುಗುಟ್ಟಿದೆ.

ಸಾಬರು ಗೋಣಿಚೀಲ ಹಾಸಿದರು. ಹೊತ್ತು ಇಳಿಯುವವರೆಗೆ ಲಾರಿಯಡಿ ಇದ್ದರು. ಕೆಲಸ ಮುಗಿದಾಗ ಸುತ್ತ ಹಳೆಯ ಮುಖಗಳೇ ಕೆಲವು ಸೇರಿದ್ದವು. ಸಾಬರು ಹೊರಗೆ ಜಾರಿಕೊಂಡು ಬಂದರು. ಎಲ್ಲರೂ ನೆಗೆತಕ್ಕೆ ಕಾದರು. ಅವರು ನೆಗೆಯಲಿಲ್ಲ. ನೆಲದ ಮೇಲೆಯೇ ಎದ್ದು ಕೂತರು. ಕಾಲು ಚಾಚಿ ಪಾದ ಆಡಿಸತೊಡಗಿದರು. ಪಕ್ಕದ ತಂಬಿಗೆ ಎತ್ತಿ ನೀರು ಕುಡಿದರು. ಯಾರೋ ಕಿಸಕ್ಕೆಂದರು.

ಸಾಬರು ಆ ಕಡೆ ನೋಡಿದರು, ನನ್ನ ಕಡೆ ನೋಡಿದರು, ಆಮೇಲೆ ದಾಸಣ್ಣನ ಮುಖಕ್ಕೇ ನೇರವಾಗಿ ಹೇಳಿದರು.

"ನಂಗೆ ಬಿ.ಪಿ. ಐತೆ ದಾಸಣ್ಣ. ಮಾತ್ರೆ ನುಂಗ್ತೀನಿ. ಮಲಗಿದ್ದು ತಟ್ಟಂತ ಎದ್ರೆ ರಕ್ತ ಕೆಳಗಿಳಿದು ಕಣ್ಣು ಕತ್ಲೆ ಬರುತ್ತೆ. ಅವತ್ತು ಬಿದ್ದಿದ್ದು ಅದಕ್ಕೇ. ಕುಡಿದಿರಲಿಲ್ಲ. ಖುದಾನ ಆಣೆ, ಜನ್ಮದಲ್ಲಿ ಮುಟ್ಟಿಲ್ಲ. ಇನ್ಮೇಲೆ ಹಿಂಗೇ ಕೂತು ಏಳ್ತೀನಿ. ಹೆದರಿಕೆ ಆದ್ರೆ ಗಾಡಿ ಬೇರೆ ಕಡೆ ತಗೊಂಡು ಹೋಗು, ಬೇಜಾರಿಲ್ಲ."

ದಾಸಣ್ಣ ಏನಾದರೂ ಕುಹಕ ಆಡುತ್ತಾನೆ ಎಂದು ನಾನು ಮೆಟ್ಟಿಲು ಇಳಿದೆ. ಅವನು ಸಾಬರ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಸಾಬ್ರೆ," ಎಂದ. ಏಕವಚನದ ಸಾಬ್ ಹೋಗಿ ಸಾಬ್ರೆ ಬಂದಿತ್ತು. "ನಮ್ಮವ್ವ ಪಾಲಮ್ಮನೂ ಬಿ.ಪಿ. ಮಾತ್ರೆ ತಗೊಂತಾಳೆ. ಬಿತ್ತನೆಗೆ ಶೇಂಗಾ ಸುಲಿಯಕ್ಕೆ ಕೂತು ಎದ್ದಾಗೆಲ್ಲಾ ಬೀಳ್ತಾಳೆ. ಮೊನ್ನೆ ಹಣೆ ಒಡ್ಕೊಂಡ್ಳು. ಗಾಳಿ ಸೋಕೈತೆ ಅಂತ ತಾಯ್ತ ಕಟ್ಟಿಸಿದ್ವಿ. ಬಿ.ಪಿ. ಏರೈತೆ ಅಂತ ನಾನೇ ಬೆಳಿಗ್ಗೆ ಎರಡು ಮಾತ್ರೆ ಕೊಟ್ಟು ಬಂದೀನಿ." ಸಾಬರ ಕಡೆಗೆ ಬಾಗಿ ಕೇಳಿದ. "ಅದೂ ಇದೇನಾ?"

"ನಂಗೇನು ಗೊತ್ತಪ್ಪಾ, ನಾನು ಮೆಕ್ಯಾನಿಕ್ಕು," ಎಂದರು ಸಾಬರು. "ಡಾಕ್ಟರಮ್ಮನ ಹತ್ರ ಕರ್ಕೊಂಡು ಬಾ. ಮಲಗಿಸಿ ನೋಡಿ, ನಿಲ್ಲಿಸಿ ನೋಡಿ ಅಂತ ಹೇಳು. ಅಲ್ಲೀತನಕ ಹೆಚ್ಚಿಗೆ ಮಾತ್ರೆ ಕೊಡಬ್ಯಾಡ. ಇವತ್ತೇ ಹೋಗು."

ದಾಸಣ್ಣ ಎದ್ದ. ಬೇವಿನ ಮರದ ಹತ್ತಿರ ಹೋಗಿ ರಿಂಗ್ ಪಾನಾ ತೆಗೆದ. ಅಂಗಿಯ ತುದಿಯಿಂದ ಧೂಳು ಒರೆಸಿ ತಂದು ಸಾಬರ ಕೈಗಿಟ್ಟ. ಆಮೇಲೆ ಜೇಬಿನಿಂದ ಲಾರಿಯ ಕೀ ತೆಗೆದು ಖಾಲಿಯಾದ ಮೊಳೆಗೆ ಹಾಕಿದ.

"ಲೇ, ನೀನು ಕುಡಿದಿಲ್ಲಲ್ಲೋ," ಎಂದರು ಸಾಬರು.

"ಇಲ್ಲ. ಕೈಕಾಲು ನಡುಗ್ತಾವೆ, ಗಾಡಿ ಓಡಿಸಲ್ಲ. ಬಸ್ಸಲ್ಲಿ ಹೋಗಿ ಅವ್ವನ್ನ ಕರ್ಕೊಂಡು ಬರ್ತೀನಿ. ಗಾಡಿ ನಿಮ್ಮ ಹತ್ರಾನೇ ಇರ್ಲಿ."

ಅವನು ಬಸ್ ಸ್ಟ್ಯಾಂಡಿನ ಕಡೆ ಓಡಿದ. ಕುಡಿಯದವನ ಕೀ ಆ ಮೊಳೆಗೆ ಬಿದ್ದದ್ದು ಅದೇ ಮೊದಲು. ನಾನು ಎಬ್ಬಿಸಲೆಂದು ಕೈ ಕೊಟ್ಟರೆ ಸಾಬರು ತಲೆಯಾಡಿಸಿ ಬೇಡ ಎಂದರು. ಪಾನಾವನ್ನು ತೊಡೆಯ ಮೇಲಿಟ್ಟುಕೊಂಡು, ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಂಡು, ಡಾಕ್ಟರಮ್ಮ ಹೇಳಿದ್ದಕ್ಕಿಂತ ತುಂಬಾ ಹೊತ್ತು ಹಾಗೇ ಕೂತಿದ್ದರು.